ಹಿತ್ತಿಲ ಬಿಲ್ವ ಮತ್ತು ಹನ್ನೊಂದು ತಿಂಗಳ ಕರಾರು

ಸ್ವಂತ ಮನೆಯುಳ್ಳವನು ಭಾಗ್ಯವಂತನೆಂದು ಲೋಕ ಹೇಳುತ್ತದೆ. ಎರಡು ಮನೆಯುಳ್ಳವನ ವಿಷಯದಲ್ಲಿ ಲೋಕವೂ ಶಾಸ್ತ್ರವೂ ಮೌನವಾಗಿವೆ. ಆ ಮೌನದ ಅರ್ಥ ನನಗೆ ಈಚೆಗೆ ಆಗುತ್ತಿದೆ. ಅರಸೀಕೆರೆಯಲ್ಲಿ ನಮ್ಮವು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳು. ಮುಂದಿನದರಲ್ಲಿ ನಾನೂ ನನ್ನ ಪತ್ನಿ ಗಿರಿಜಮ್ಮನೂ ಇದ್ದೇವೆ. ಹಿಂದಿನದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಬದುಕಿನುದ್ದಕ್ಕೂ ಸಂಸ್ಕೃತ ಪಾಠ ಹೇಳಿದ ನನಗೆ ಕರಾರುಪತ್ರ ಬರೆಯುವುದೆಂದರೆ ಒಂದು ಸಂಭ್ರಮ. ಬೇಲೂರು, ಹಳೇಬೀಡುಗಳ ಶಿಲಾಶಾಸನಗಳನ್ನು ನಿಂತು ಓದಿದ ಅಭ್ಯಾಸ ನನ್ನದು. ಅಲ್ಲಿ ಒಂದು ತುಂಡು ಗದ್ದೆ ಕೊಟ್ಟರೂ ಸೂರ್ಯಚಂದ್ರರಿರುವವರೆಗೆ ಎನ್ನುತ್ತಾರೆ. ಅದಕ್ಕೆ ಅಳುಪಿದವನು, ಎಂದರೆ ಅದನ್ನು ಕೆಡಿಸಿದವನು, ಕ್ರಿಮಿಯಾಗಿ ಹುಟ್ಟಲೆಂದು ಶಪಿಸುತ್ತಾರೆ. ಗೋಡೆಗೆ ಮೊಳೆ ಹೊಡೆಯುವ ಬಾಡಿಗೆದಾರರಿಗೆ ನಾನೂ ಹಿಂದೆ ಇಂಥದೇ ಗತಿಯನ್ನು ಕರಾರಿನಲ್ಲಿ ಸೂಚಿಸುತ್ತಿದ್ದೆ. ಯಾರೂ ಹೆದರಲಿಲ್ಲ. ಮೊಳೆಗಳು ವರ್ಷವರ್ಷವೂ ವೃದ್ಧಿಯಾದವು.

ಈಗ ಆ ಮನೆಯಲ್ಲಿರುವವರು ಜಾವಗಲ್ ಕಡೆಯ ನಾಗವೇಣಿ ಮತ್ತು ಅವಳ ತಾಯಿ ಸಣ್ಣಮ್ಮ. ನಾಗವೇಣಿ ಇಲ್ಲಿಯ ಕೋರ್ಟಿನಲ್ಲಿ ವಕೀಲಿ ಮಾಡುವ ಹೆಣ್ಣುಮಗಳು. ವಕೀಲರಿಗೂ ಪೊಲೀಸರಿಗೂ ಮನೆ ಕೊಡಬಾರದೆಂಬುದು ಮನೆ ಮಾಲೀಕರಲ್ಲಿ ಪರಂಪರೆಯಿಂದ ಬಂದ ಉಪದೇಶ. ಆದರೆ ಮನೆ ನೋಡಲು ಬಂದ ದಿನ ತಾಯಿ ಮಗಳಿಬ್ಬರೂ ಅಡುಗೆಮನೆಯನ್ನು ನೋಡುವುದಕ್ಕೂ ಮೊದಲು ಹಿತ್ತಿಲ ಬಿಲ್ವದ ಮರಕ್ಕೆ ಕೈಮುಗಿದರು. ನನಗೆ ಅಷ್ಟೇ ಸಾಕಾಯಿತು. ಅದು ನನ್ನ ತಂದೆಯವರು ಗೆಂಡೆಹಳ್ಳಿಯಿಂದ ಸಸಿ ತಂದು ನೆಟ್ಟ ಮರ. ಅದರ ದಳವಿಲ್ಲದೆ ನನ್ನ ಲಿಂಗಪೂಜೆ ಪೂರ್ಣವಾಗದು. ಪೂಜೆಯಾಗದೆ ಕಾಫಿ ಗಂಟಲಿಗಿಳಿಯದು. ನಸುಕಿನಲ್ಲೇ ನಡುಗೋಡೆಯ ಬಾಗಿಲು ತಳ್ಳಿಕೊಂಡು ಹಿಂದಿನ ಮನೆಯ ಹಿತ್ತಿಲಿಗೆ ಹೋಗಿ, ಮರದ ಮುಂದೆ ನಿಂತು, ದಳ ಬಿಡಿಸಲು ಅಪ್ಪಣೆ ಬೇಡುವ ಶ್ಲೋಕ ಹೇಳಿ, ಬುಟ್ಟಿ ತುಂಬಿಕೊಂಡು ಬರುವುದು ನನ್ನ ಕ್ರಮ.

ಒಂದು ಸಂಜೆ ನಾಗವೇಣಿ ನಮ್ಮ ಜಗುಲಿಗೆ ಬಂದು ವಿನಯದಿಂದ ನಿಂತಳು. ವಕೀಲರ ವಿನಯ ನನ್ನನ್ನು ಸದಾ ಗಾಬರಿಗೊಳಿಸುತ್ತದೆ.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಮುಂದಿನ ತಿಂಗಳು ಕರಾರು ಮುಗಿಯುತ್ತೆ. ಹೊಸದರಲ್ಲಿ ಒಂದು ಷರತ್ತು ಸೇರಿಸೋಣ. ನೀವು ಹಿತ್ತಿಲೊಳಗೆ ಬರೋದಾದ್ರೆ ಹಿಂದಿನ ದಿನವೇ ಹೇಳಬೇಕು. ಅಮ್ಮ ಬೆಳಿಗ್ಗೆ ಹಿತ್ತಿಲಲ್ಲಿ ತಲೆ ಒಣಗಿಸ್ಕೊಳ್ತಿರ್ತಾರೆ. ನಿಮ್ಮ ಶ್ಲೋಕ ಕೇಳಿದ್ರೆ ಸಾಕು, ಬಚ್ಚಲಿಗೆ ಓಡಿ ಬಾಗಿಲು ಹಾಕ್ಕೊಳ್ತಾರೆ."

"ಇದು ಕಾನೂನೇನಮ್ಮಾ?"

"ಕೇಂದ್ರದ ಹೊಸ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಹಾಗಿದೆ. ನಮ್ಮ ರಾಜ್ಯದಲ್ಲಿ ಇನ್ನೂ ಬಂದಿಲ್ಲ."

"ಬಾರದಿರುವ ಕಾನೂನಿಗೆ ನಾನೇಕೆ ಈಗಲೇ ತಲೆಬಾಗಬೇಕು?"

"ಬಂದಾಗ ಕತ್ತು ನೋಯದಿರಲಿ ಅಂತ ಮೇಷ್ಟ್ರೇ," ಎಂದು ನಕ್ಕಳು. ಆಮೇಲೆ ನಗದೆ ಹೇಳಿದಳು: "ಆಗಲ್ಲ ಅಂದ್ರೆ ನಾವು ಬೇರೆ ಮನೆ ನೋಡ್ಕೊಳ್ತೀವಿ."

ನನ್ನ ತಂದೆ ನೆಟ್ಟ ಮರ, ನನ್ನ ನೆಲ, ನನ್ನ ಶಿವ. ನಡುವೆ ಅರ್ಜಿ ಹಾಕುವುದೇ? ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನಲ್ಲಿ ದುಃಖ ತೋಡಿಕೊಂಡೆ. "ಖಾಲಿ ಮಾಡ್ಸಿ ಅತ್ಲಾಗೆ! ಬಾಡಿಗೆಗೆ ಬರೋರಿಗೇನು ಬರಗಾಲ ಐತಾ?" ಎಂದ. ಖಾಲಿ ಮಾಡಿಸಲು ಮನಸ್ಸು ಬರಲಿಲ್ಲ; ಕೇಳಿಕೊಂಡು ಹೋಗಲು ಅಭಿಮಾನ ಬಿಡಲಿಲ್ಲ. ಕೊನೆಗೆ ಮಧ್ಯಮಮಾರ್ಗವೊಂದು ಹೊಳೆಯಿತು: ತೆಂಗಿನಕಾಯಿ ಕೀಳುವ ದೋಟಿ. ಉದ್ದ ಬಿದಿರಿನ ತುದಿಗೆ ಕೊಕ್ಕೆಯಿರುವ ಆ ಸಾಧನವನ್ನು ರುದ್ರಪ್ಪನಿಂದಲೇ ಎರವಲು ತಂದೆ. ಒಳಗೆ ಹೋದರೆ ತಾನೇ ಕಾನೂನು? ಗೋಡೆಯ ಈಚೆ ಸ್ಟೂಲಿನ ಮೇಲೆ ನಿಂತರೆ ನಾನು ನನ್ನ ನೆಲದಲ್ಲಿರುತ್ತೇನೆ. ದೋಟಿ ಮಾತ್ರ ಆಕಾಶದಲ್ಲಿರುತ್ತದೆ. ಈ ತರ್ಕಕ್ಕೆ ನಾನೇ ತಲೆದೂಗಿದೆ.

ಮರುದಿನ ನಸುಕಿನಲ್ಲಿ ಸ್ಟೂಲನ್ನೇರಿ, ಶಿವನನ್ನು ನೆನೆದು, ದೋಟಿಯನ್ನು ಚಾಚಿ ಎಳೆದೆ. ಕೊಂಬೆ ಹಗುರವಾಗಿ ಬಂತು. ಕೊಂಬೆಗೆ ಜರಿಯಂಚೂ ಇತ್ತು. ಗೋಡೆಯಾಚೆಯಿಂದ ಸಣ್ಣಮ್ಮನ ಕೂಗು ಕೇಳಿಸಿತು: "ಅಯ್ಯೋ ನಾಗೂ, ಬಾರೇ ಇಲ್ಲಿ! ನನ್ ಸೀರೆ ತಾನಾಗೇ ಎದ್ದು ಹೊಂಟೋಯ್ತು ಕಣೇ!"

ಒದ್ದೆ ಸೀರೆ ನನ್ನ ತಲೆಯ ಮೇಲೆ ಇಳಿದು ವಿಭೂತಿಯೆಲ್ಲ ಕರಗಿತು. ರುದ್ರಪ್ಪ ತನ್ನ ಮಹಡಿಯ ಮೇಲಿಂದ ನೋಡುತ್ತಿದ್ದ. "ಏನ್ ಮೇಷ್ಟ್ರೇ, ಇವತ್ತು ಶಿವನ್ನ ಬಿಟ್ಟು ಪಾರ್ವತೀಗೆ ಪೂಜೇನಾ?"

ಗಿರಿಜಮ್ಮ ಸೀರೆಯನ್ನು ನನ್ನ ತಲೆಯಿಂದ ಬಿಡಿಸಿ, ಹಿಂಡಿ, ಮಡಿಸಿ, ನನ್ನ ಕೈಗೇ ಕೊಟ್ಟಳು. "ಮರದ ಮುಂದೆ ನಿಂತು ಸಂಸ್ಕೃತದಲ್ಲಿ ಅಪ್ಪಣೆ ಕೇಳ್ತೀರಿ. ಅದರ ಕೆಳಗೆ ಬಾಳ್ವೆ ಮಾಡೋ ಹೆಣ್ಣುಮಕ್ಕಳನ್ನ ಕನ್ನಡದಲ್ಲಿ ಒಂದು ಮಾತು ಕೇಳೋಕೆ ಏನ್ರೀ ಕಷ್ಟ?"

ಸೋಮವಾರ ಬಿಲ್ವ ಬಿಡಿಸಬಾರದೆಂದು ಭಾನುವಾರವೇ ಬಿಡಿಸಿಡುವವನು ನಾನು. ಹಿಂದಿನ ದಿನವೇ ಯೋಚಿಸೆಂದು ಶಾಸ್ತ್ರ ಹೇಳಿದರೆ ಭಕ್ತಿ, ಕಾನೂನು ಹೇಳಿದರೆ ಅವಮಾನ!

ಸೀರೆಯೊಡನೆ ಸುತ್ತುಬಳಸಿ ಹೋಗಿ, ಮೊದಲ ಬಾರಿಗೆ ಅವರ ಮುಂಬಾಗಿಲ ಗಂಟೆಯನ್ನೊತ್ತಿದೆ. ಸಣ್ಣಮ್ಮ ಬಾಗಿಲು ತೆರೆದರು. ಸೀರೆಯನ್ನು ನೋಡಿದರು, ನನ್ನ ಹಣೆಯನ್ನು ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾಳೆ ಬೆಳಿಗ್ಗೆ ಬಿಲ್ವಕ್ಕೆ ಬರಬಹುದೇನಮ್ಮಾ?" ಎಂದೆ.

"ನಾಳೆ ಯಾಕ್ ಸ್ವಾಮಿ, ಇವತ್ತಿಂದೂ ತಕೊಂಡ್ ಹೋಗಿ. ಪೂಜೆ ಇಲ್ದೆ ಕಾಫಿ ಕುಡ್ಯಲ್ವಂತಲ್ಲ ನೀವು," ಎಂದು ಹಿತ್ತಿಲಿಗೆ ಕರೆದೊಯ್ದರು. ಹಿಂದಿನ ಬಾಡಿಗೆದಾರರ ಕಾಲದಲ್ಲಿ ಒಣಗುತ್ತ ಬಂದಿದ್ದ ಮರ ಅದು. ಈಗ ಬುಡಕ್ಕೆ ಪಾತಿ ಮಾಡಿದ್ದರು. ದಿನವೂ ಅಕ್ಕಿ ತೊಳೆದ ನೀರು ಹಾಕುತ್ತಿದ್ದರಂತೆ. ತುದಿಯಲ್ಲೆಲ್ಲ ಎಳೆಯ ಕೆಂಪು ಚಿಗುರು. ದಿನವೂ ದಳ ಬಿಡಿಸುತ್ತಿದ್ದ ನಾನು ಬುಡವನ್ನು ನೋಡಿಯೇ ಇರಲಿಲ್ಲ.

ಹೊಸ ಕರಾರಾಯಿತು. ಬಿಲ್ವದ ಷರತ್ತನ್ನು ನಾನೇ ಬರೆದು, ಸೂರ್ಯಚಂದ್ರರಿರುವವರೆಗೆ ಎಂದು ಸೇರಿಸಿದೆ. ನಾಗವೇಣಿ ನಗುತ್ತ ಸೂರ್ಯನನ್ನೂ ಚಂದ್ರನನ್ನೂ ಹೊಡೆದುಹಾಕಿ ಹನ್ನೊಂದು ತಿಂಗಳು ಎಂದು ಬರೆದಳು. ಅಂದಿನಿಂದ ಪ್ರತಿ ಸಂಜೆ ನನ್ನದೇ ಮನೆಯ ಗಂಟೆ ಒತ್ತಿ, ಚಪ್ಪಲಿ ಬಿಟ್ಟು, ಅಪ್ಪಣೆಗಾಗಿ ಕೈಕಟ್ಟಿ ನಿಲ್ಲುತ್ತೇನೆ. ಹೊರಡುವಾಗ ಗಿರಿಜಮ್ಮ ಒಳಗಿನಿಂದಲೇ ಎಚ್ಚರಿಸುತ್ತಾಳೆ:

"ಅಲ್ಲಿ ಸ್ವಲ್ಪ ಚೆನ್ನಾಗಿ ನಡ್ಕೊಳ್ಳಿ. ಇಲ್ದಿದ್ರೆ ಹನ್ನೊಂದು ತಿಂಗಳಾದ್ಮೇಲೆ ಅವರು ನಿಮ್ಮನ್ನ ಖಾಲಿ ಮಾಡಿಸ್ತಾರೆ!"