ಹಲಗೆ, ಅಂಟು ಮತ್ತು ನಮ್ಮ ಮಾವನವರು

ಸ್ಪೀಕರ್ ಪೆಟ್ಟಿಗೆಯನ್ನು ಸ್ವಂತ ಕೈಯಿಂದ ಮಾಡುತ್ತೇನೆಂದು ಹೊರಟವನಿಗೆ ಹಲಗೆಗಿಂತ ಮೊದಲು ಸಲಹೆ ಸಿಗುತ್ತದೆ, ಸಲಹೆಯ ಬೆನ್ನಿಗೇ ಫಜೀತಿ. ಹಾನಗಲ್ಲಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟು, ಬಿಡುವಿನಲ್ಲಿ ಇಂಥ ಪೆಟ್ಟಿಗೆ ಮಾಡುವ ನನಗೆ ಇದು ರೂಢಿಯಾಗಿಬಿಟ್ಟಿದೆ.

ತಿಳವಳ್ಳಿಯ ಭಜನಾ ಮಂಡಳಿಯ ಎರಡು ಪೆಟ್ಟಿಗೆಗಳನ್ನು ಗೆದ್ದಲು ತಿಂದಾಗ, ಮಂಡಳಿಯ ಹಿರಿಯರು ಹುಬ್ಬಳ್ಳಿಯಿಂದ ಹೊಸವನ್ನು ತರಲು ಹೊರಟಿದ್ದರು. ನಾನೇ ಅಡ್ಡ ಹೋದೆ. "ಒಳಗಿನ ಸ್ಪೀಕರ್ ಚಲೋ ಅದಾವ್ರಿ. ಪೆಟ್ಟಿಗಿ ನಾ ಮಾಡಿಕೊಡ್ತೇನಿ. ಒಂದ ಚೂರು ಗಡಗಡ ಅಂದ್ರ ಮುಂದ ಹಲಗಿ ಮುಟ್ಟೂದಿಲ್ಲ!" ಹತ್ತು ಜನರ ಮುಂದೆ ಆಡಿದ ಮಾತು. ಸೋತರೆ ತಾಲ್ಲೂಕಿನಲ್ಲಿ ತಲೆ ಎತ್ತುವಂತಿರಲಿಲ್ಲ. ಆದರೆ ಸೋಲುವ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲ.

ತಟ್ಟಿ ನೋಡುವ ವಿದ್ಯೆ

ಹಲಗೆಗೆ ಶಿಗ್ಗಾಂವಿಗೆ ಹೋದೆ. ಅಂಗಡಿಯವರು ಚಹಾ ತರಿಸಿ, ಕನ್ನಡಿಯಂತೆ ಹೊಳೆಯುವ ಒಂದು ಹಲಗೆ ತೋರಿಸಿದರು. "ಇದನ್ನ ಒಯ್ರಿ, ಪಾಲಿಶ್ ಸುದ್ದಾ ಬ್ಯಾಡ."

ಅದು ಮರದ ಪುಡಿ ಒತ್ತಿ ಮಾಡಿದ್ದು. ನಾನು ಅದರ ಒಂದು ತುಣುಕನ್ನು ನನ್ನ ಚಹಾದಲ್ಲಿ ಅದ್ದಿ ಇಟ್ಟೆ. ಅವರ ಹೊಗಳಿಕೆ ಮುಗಿಯುವುದರೊಳಗೆ ಅದು ಬಿಸ್ಕೀಟಿನಂತೆ ಉಬ್ಬಿ ನಿಂತಿತು. ಅಂಗಡಿಯವರು ಅತ್ತಿತ್ತ ನೋಡಿ, "ಇನ್ನೊಂದ ಕಪ್ ಹೇಳ್ತೇನಿ. ಉಳಿದ ಗಿರಾಕಿ ಮುಂದ ಮಾತ್ರ ಹಿಂಗ ಮಾಡಬ್ಯಾಡ್ರಿ" ಎಂದರು.

ಆಮೇಲೆ ಪ್ಲೈವುಡ್ ಹಲಗೆಗಳನ್ನು ಒಂದೊಂದಾಗಿ ತಟ್ಟಿ, ಕಿವಿ ಹಚ್ಚಿ ಕೇಳಿದೆ. 'ಧಡ್' ಎಂದರೆ ಗಟ್ಟಿ. 'ಠಣ್' ಎಂದರೆ ಬೇಡ, ಭಜನೆಯ ಜೊತೆ ಅದೂ ಹಾಡಲು ಶುರುಮಾಡುತ್ತದೆ. ಬಚ್ಚಲಮನೆಗೆ ಬಾಗಿಲು ಕೊಳ್ಳಲು ಬಂದಿದ್ದ ಒಬ್ಬ ರೈತರು ಇದನ್ನೆಲ್ಲ ನೋಡಿ, ತಾವೂ ಒಂದು ಬಾಗಿಲನ್ನು ತಟ್ಟಿ ಕಿವಿ ಹಚ್ಚಿ ಬಹಳ ಹೊತ್ತು ನಿಂತರು. ಕೊನೆಗೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಒಳಗಿಂದ ಯಾರರೆ 'ಓ' ಅನಬೇಕೇನ್ರಿ?"

ಅಂಟಿಗೂ ಮುಹೂರ್ತ

ಆ ದಿನಗಳಲ್ಲಿ ಹಿರೇಕೆರೂರಿನ ನಮ್ಮ ಮಾವನವರು ಮನೆಗೆ ಬಂದಿದ್ದರು. ಪಂಚಾಂಗ ನೋಡದೆ ಉಗುರು ಕೂಡ ತೆಗೆಯುವವರಲ್ಲ. ನಾನು ಹಲಗೆಗಳ ಅಂಚಿಗೆಲ್ಲ ಬಿಳಿ ಅಂಟು ಸವರಿ, ಇನ್ನೇನು ಜೋಡಿಸಬೇಕು, ಅವರು ಕೈ ಹಿಡಿದರು.

"ತಡಿ ಅಳಿಯಾ! ರಾಹುಕಾಲ ಶುರು ಆತು."

"ಮಾವಾರ, ಇದೇನ ಮದವೀನ್ರಿ? ಅಂಟು ಒಣಗತೈತಿ!"

"ಒಣಗಲಿ. ರಾಹುಕಾಲದಾಗ ಜೋಡಿಸಿದ್ದು ನಿಲ್ಲೂದಿಲ್ಲ."

ಹೆಂಡತಿ ಅಪ್ಪನ ಪಕ್ಷ. ಒಂದೂವರೆ ತಾಸು ಸುಮ್ಮನೆ ಕುಳಿತೆವು, ಅಂಟು ಹಪ್ಪಳದಂತೆ ಒಣಗಿತು. ಅದನ್ನೆಲ್ಲ ಕೆರೆದು ತೆಗೆದು, ಮತ್ತೆ ಸವರಿ ಜೋಡಿಸಿದೆ. ಮರುದಿನ ಮಾವನವರು ಎಳೆದು ನೋಡಿದರು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. "ಕಂಡಿಯೇನು?" ಎಂದು ಮೀಸೆ ತಿರುವಿದರು. "ಅಂಟು ಯಾವುದರೆ ಇರಲಿ, ಹಿಡಿಯೂದು ವ್ಯಾಳ್ಯಾ!"

ಮಿರ್ಚಿಯ ಬಲ

ಹಿಂದಿನ ಹಲಗೆ ಕೂಡಿಸುವಾಗ ಒತ್ತಿ ಹಿಡಿಯುವ ಸಾಮಾನು ನನ್ನಲ್ಲಿ ಸಾಕಷ್ಟಿರಲಿಲ್ಲ. ಆದರೆ ಪಕ್ಕದ ಮನೆಯ ದಪ್ಪನೆಯ ಸಾಹುಕಾರರು ದಿನಾ ಪೇಪರ್ ಓದಲು ನನ್ನ ಅಂಗಡಿಗೆ ಬರುತ್ತಿದ್ದರು. ಎರಡು ಪೆಟ್ಟಿಗೆಗಳನ್ನು ಹಿಂದಿನ ಹಲಗೆ ಮೇಲೆ ಬರುವಂತೆ ಒತ್ತೊತ್ತಾಗಿ ಇಟ್ಟು, "ಬರ್ರಿ, ಇಲ್ಲೇ ಕುಂದರ್ರಿ" ಎಂದೆ. ಅವರು ಏಳಲು ಹವಣಿಸಿದಾಗಲೆಲ್ಲ ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ತರಿಸಿದೆ. ಮೂರು ತಾಸು ಅಲ್ಲಾಡಲಿಲ್ಲ ಪುಣ್ಯಾತ್ಮರು.

ಕೊನೆಗೆ ಎದ್ದರೆ, ಸಂದಿಯಿಂದ ಹೊರಬಂದ ಅಂಟಿಗೆ ಧೋತರ ಹತ್ತಿಕೊಂಡಿತ್ತು. ಕತ್ತರಿಯೇ ಬೇಕಾಯಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು, ತಪ್ಪಾಯಿತೆಂದೆ. ಅವರು ತುಂಡಾದ ಧೋತರವನ್ನು ಹಿಡಿದುಕೊಂಡು, "ಅಂಟು ಪಾಸಾತು ಬಿಡ್ರಿ. ಮುಂದಿನ ಪರೀಕ್ಷಾ ನಿಮ್ಮ ಧೋತರದ ಮ್ಯಾಲ ಮಾಡ್ರಿ" ಎಂದು ಹೋದರು.

ತಿಳವಳ್ಳಿಯಲ್ಲಿ ತೀರ್ಪು

ಪೆಟ್ಟಿಗೆಗಳನ್ನು ಟೆಂಪೋದಲ್ಲಿ ತಿಳವಳ್ಳಿಗೆ ಒಯ್ದೆವು. ಮಾವನವರೂ ಬಂದರು. ಮಂಡಳಿಯ ಹಿರಿಯರು ಪರೀಕ್ಷೆಗೆಂದು ಸವಣೂರಿನಿಂದ ಸೌಂಡ್ ಸೆಟ್ ಬಾಡಿಗೆಗೆ ಕೊಡುವವರೊಬ್ಬರನ್ನು ಕರೆಸಿದ್ದರು. ನಾನು ಎದೆಯುಬ್ಬಿಸಿ ಸ್ವಿಚ್ ಹಾಕಿದೆ. ಮಂಡಳಿಯವರು ಭಜನೆ ಎತ್ತಿಕೊಂಡರು.

ಎಡಗಡೆಯ ಪೆಟ್ಟಿಗೆ ಗಂಟೆಯ ಹಾಗೆ ಸ್ವಚ್ಛ. ಬಲಗಡೆಯದರಿಂದ ಗಡಗಡ, ಗಡಗಡ! ಭಜನೆ ನಿಂತಿತು.

ಸವಣೂರಿನವರು ನಕ್ಕರು. "ಅಂಟು ಬಿಟ್ಟೈತ್ರಿ. ಮನಿಯಾಗ ಮಾಡಿದ್ದು ಮನಿಗೇ ಚಂದ." ಹಿರಿಯರು ನನ್ನ ಮುಖ ನೋಡಲಿಲ್ಲ. ಆದರೂ ಅಂಟಿನ ಮೇಲೆ ನನಗೆ ನಂಬಿಕೆಯಿತ್ತು. ಸ್ಕ್ರೂ ಬಿಚ್ಚಿ ಸ್ಪೀಕರ್ ಹೊರತೆಗೆದು, ತೂತಿನೊಳಗೆ ಕೈ ಹಾಕಿದೆ. ಮುಷ್ಟಿ ತುಂಬ ಬಂದದ್ದು ಕಡಲೆ, ಹೆಸರು, ಗೋದಿ, ಅಲಸಂದಿ! ಜೊತೆಗೆ ಗಂಟು ಬಿಚ್ಚಿದ ಹಳದಿ ಬಟ್ಟೆ.

"ತೆಗೀಬ್ಯಾಡೋ ಅಳಿಯಾ!" ಮಾವನವರು ಓಡಿಬಂದರು. "ನವಧಾನ್ಯ. ಹಿಂದಿನ ಹಲಗಿ ಕೂಡಿಸೂಕಿಂತ ಮುಂಚೆ ನಾನ ಇಟ್ಟಿದ್ದೆ. ಹೊಸಾದು ಏನರೆ ಕಟ್ಟಿದ್ರ ಪಾಯಾದಾಗ ಹಾಕಬೇಕಲ್ಲ! ಟೆಂಪೋದಾಗ ಗಂಟು ಬಿಚ್ಚೇತಿ ನೋಡು."

ಕಾಳೆಲ್ಲ ಬಳಿದು ತೆಗೆದು, ಮತ್ತೆ ಸ್ಪೀಕರ್ ಕೂಡಿಸಿ ಸ್ವಿಚ್ ಹಾಕಿದೆ. ತಾಳದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಹಿರಿಯರು ಬಂದು ನನ್ನ ಬೆನ್ನು ತಟ್ಟಿದರು. ನನಗೆ ಹೋದ ಜೀವ ಬಂತು.

ಸವಣೂರಿನವರು ಪೆಟ್ಟಿಗೆಯ ಸುತ್ತ ಎರಡು ಸಲ ತಿರುಗಿ, ಮೂಲೆಗಳನ್ನು ಉಗುರಿನಿಂದ ಕೆರೆದು ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ನನಗೂ ನಾಕು ಪೆಟ್ಟಿಗಿ ಮಾಡಿಕೊಡ್ರಿ. ಆದ್ರ ಮದಲ ಮಾವಾರ್ನ ಹಿರೇಕೆರೂರ ಬಸ್ ಹತ್ತಿಸಿ ಬರ್ರಿ!"