ಹನ್ನೆರಡು ವಾರ, ಒಂದೇ ವಚನ

ಕುಷ್ಟಗಿಯ ಅರ್ಜಿ ಬರೆಯುವ ಗ್ಯಾನಪ್ಪನವರಿಗೆ ಜೀವನದಲ್ಲಿ ಒಂದೇ ಒಂದು ಕೊರಗಿತ್ತು. ತಾಲೂಕು ಕಚೇರಿಯ ಬೇವಿನ ಮರದ ಕೆಳಗೆ ಕುಳಿತು ಇಪ್ಪತ್ತು ವರ್ಷಗಳಿಂದ ಅವರು ಎಷ್ಟೋ ಸಾಕ್ಷಿಗಳನ್ನು ತಯಾರು ಮಾಡಿದ್ದರು. ಒಬ್ಬನೂ ಕಟಕಟೆಯಲ್ಲಿ ತಡವರಿಸಿದವನಲ್ಲ. ಆದರೆ ಸ್ವಂತ ಮನೆಯಲ್ಲೇ ಇದ್ದ ಒಂದು ಸಾಕ್ಷಿ ಮಾತ್ರ ಅವರ ಕೈಗೆ ಸಿಗಲಿಲ್ಲ. ಆ ಸಾಕ್ಷಿಯ ಹೆಸರು ಶೇಖರಮ್ಮ; ಗ್ಯಾನಪ್ಪನವರ ಕೈಹಿಡಿದ ಹೆಂಡತಿ.

ಆಗ ನಿಜಾಮ ಸರಕಾರದ ಕಾಲ. ದೂರದ ದೇಶಗಳಲ್ಲಿ ಮಹಾಯುದ್ಧ ನಡೆದಿತ್ತು. ಕುಷ್ಟಗಿಯಲ್ಲಿ ಅದರಿಂದಾದ ಪರಿಣಾಮವೆಂದರೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಪ್ರಾರ್ಥನೆಗೆಂದು ಬೇರೆ ಕಟ್ಟಡವಿರಲಿಲ್ಲವಾದ್ದರಿಂದ ಪ್ರತಿ ಗುರುವಾರ ಹೊತ್ತು ಇಳಿಯುವಾಗ ಗ್ಯಾನಪ್ಪನವರ ಪಡಸಾಲೆಯಲ್ಲೇ ಸತ್ಯವೇದದ ಓದು ನಡೆಯುತ್ತಿತ್ತು. ಸತ್ಯಮಿತ್ರ ಪಾದ್ರಿಗಳು ಹನುಮಸಾಗರದಿಂದ ಸೈಕಲ್ಲಿನ ಮೇಲೆ ಬಂದು, ಧೂಳು ಕೊಡವಿ, ಆ ಮನೆಯ ಏಕಮಾತ್ರ ಕುರ್ಚಿಯಲ್ಲಿ ಕುಳಿತು ಓದಿಸುತ್ತಿದ್ದರು. ಉಳಿದವರೆಲ್ಲ ಚಾಪೆಯ ಮೇಲೆ.

ಒಂದು ಗುರುವಾರ ಪಾದ್ರಿಗಳು ಎರಡು ಸುದ್ದಿ ಹೇಳಿದರು. ಮೊದಲನೆಯದು, ಇನ್ನು ಹನ್ನೆರಡು ವಾರಕ್ಕೆ ಅವರಿಗೆ ಲಿಂಗಸುಗೂರಿನ ಕಡೆಗೆ ವರ್ಗ. ಅವರು ಹೋದ ಮೇಲೆ ಇಲ್ಲಿಯವರಲ್ಲೇ ಒಬ್ಬರು ಓದಿಸಬೇಕು. (ಗ್ಯಾನಪ್ಪನವರು ಕುರ್ಚಿಯತ್ತ ನೋಡಿದರು. ಕುರ್ಚಿಯೂ ತಮ್ಮತ್ತ ನೋಡಿದಂತೆ ಅವರಿಗೆ ಭಾಸವಾಯಿತು.) ಎರಡನೆಯದು, ಒಂದು ಹೊಸ ಕಟ್ಟಳೆ.

"ಬರೀ ಬಾಯಿಪಾಠ ಆದ್ರ ಸಾಲದ್ರಿ," ಎಂದರು ಪಾದ್ರಿಗಳು. "ಹಾಲು ಕುಡಿಯೋ ಕೂಸು ಎಂದಾದ್ರೂ ಒಂದಿನ ರೊಟ್ಟಿ ಮುರಿಯುವಂಗ ಬೆಳಿಬೇಕಲ್ಲ? ನಾವೂ ಆತ್ಮದಾಗ ಹಂಗ ಬೆಳಿಬೇಕು. ಅದಕ್ಕ ಇನ್ನ ಮ್ಯಾಲೆ ವಾರಕ್ಕ ಒಂದೇ ವಚನ. ಓದ್ರಿ, ತಿಳಕೊಳ್ರಿ, ಒಂದು ವಾರ ಅದರಂಗ ನಡೀರಿ. ನಡದ್ರು ಅಂತ ನಿಮ್ಮ ಮನಿಯವರು ಸಾಕ್ಷಿ ಹೇಳಿದ್ರ ಮುಂದಿನ ವಚನ. ಇಲ್ಲಾಂದ್ರ ಮತ್ತ ಅದೇ ವಚನ."

"ಅಯ್ಯನವರ, ನನಗ ಇಡೀ ಅಧ್ಯಾಯಗಳೇ ಬಾಯಿಗೆ ಬರ್ತಾವಲ್ರಿ," ಎಂದರು ಗ್ಯಾನಪ್ಪನವರು, ಶಾಲು ಸರಿಪಡಿಸಿಕೊಳ್ಳುತ್ತ.

"ಬಾಯಿಗೆ ಬರ್ತಾವ, ಅದು ಊರಿಗೆಲ್ಲ ಗೊತ್ತೈತಿ. ಅಡಿಗಿ ಮನಿತನಕ ಹೋಗ್ಯಾವೇನು ಅಂತ ನೋಡೂಣು."

ಮೊದಲ ವಚನದ ತಾತ್ಪರ್ಯ ಇಷ್ಟೇ: ಮನುಷ್ಯನು ಕೇಳುವುದಕ್ಕೆ ಬೇಗ ಸಿದ್ಧನಾಗಬೇಕು, ಮಾತಿಗೆ ನಿಧಾನ, ಸಿಟ್ಟಿಗೆ ಇನ್ನೂ ನಿಧಾನ. ಗ್ಯಾನಪ್ಪನವರು ನಕ್ಕುಬಿಟ್ಟರು. ಇಷ್ಟು ಸಣ್ಣ ವಚನ! ಒಂದು ಉಸಿರಿಗೆ ಹೇಳಿ ಮುಗಿಸಬಹುದು.

ಮೊದಲ ವಾರ ಕಳೆಯಿತು. ಸಾಕ್ಷಿ ಹೇಳುವ ಸರದಿ ಬಂದಾಗ ಶೇಖರಮ್ಮ ಸೆರಗು ಸರಿಮಾಡಿಕೊಂಡು ಎದ್ದು, "ಸೋಮವಾರ ರೊಟ್ಟಿ ಆರ್ಯಾವಂತ ತಾಟು ಸರಿಸಿದ್ರು. ಮಂಗಳವಾರ ಲೇಖಣಿ ಇಡೋ ಕಲಮದಾನಿ ಯಾರು ಮುಟ್ಟಿದ್ರು ಅಂತ ಓಣಿಗೆಲ್ಲ ಕೇಳುವಂಗ ಒದರಿದ್ರು. ಬುಧವಾರ," ಎಂದು ಬೆರಳು ಮಡಿಸತೊಡಗಿದಳು.

"ಸಾಕು ತಂಗಿ," ಎಂದರು ಪಾದ್ರಿಗಳು. "ಗ್ಯಾನಪ್ಪನವರಿಗೆ ಅದೇ ವಚನ."

ಗಂಡನಿಗೆ ಹೆಂಡತಿ ಸಾಕ್ಷಿಯಾದಂತೆ ಹೆಂಡತಿಗೆ ಗಂಡ ಸಾಕ್ಷಿ. ಈಗ ಗ್ಯಾನಪ್ಪನವರ ಸರದಿ. ಸೇಡು ತೀರಿಸಿಕೊಳ್ಳಬಹುದಿತ್ತು. ಆದರೆ ಅವರು ಅನುಭವಸ್ಥರು. ಸಾಕ್ಷಿಯನ್ನು ಒಲಿಸಿಕೊಳ್ಳಬೇಕಾದರೆ ಮೊದಲು ನಾವು ಉಪಕಾರ ಮಾಡಬೇಕೆಂಬುದು ಅವರ ವೃತ್ತಿಯ ಗುಟ್ಟು. ಮೇಲಾಗಿ ನಾಲ್ಕು ಜನ ಕುಳಿತಿರುವಾಗ ಸಪ್ಪೆಯಾಗಿ ಮಾತನಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು.

"ಶೇಖರಮ್ಮ, ಗಂಡನ ಹೆಸರು ಗ್ಯಾನಪ್ಪ, ಸಾಕೀನ ಕುಷ್ಟಗಿ, ಈಕೆಯು ಸದರಿ ವಾರದಲ್ಲಿ ತನ್ನ ಗಂಡನು ಎಷ್ಟೇ ಕೂಗಾಡಿದರೂ ಒಂದು ಕಠಿಣವಾದ ಮಾತನ್ನೂ ಆಡದೆ, ಭೂಮಿಯಂಥ ಸಹನೆಯಿಂದ ನಡೆದುಕೊಂಡಿರುತ್ತಾಳೆಂದು ದೇವರನ್ನು ಸಾಕ್ಷಿಯಾಗಿಟ್ಟು ಖುದ್ದಾಗಿ ನಿವೇದಿಸುತ್ತೇನೆ!"

ಚಾಪೆಯ ಮೇಲಿದ್ದವರು ತಲೆದೂಗಿದರು. ಪಾದ್ರಿಗಳು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಶೇಖರಮ್ಮ ಎರಡನೆಯ ವಚನಕ್ಕೆ ಹೋದಳು.

ಈ ಕೂಟದಲ್ಲಿ ಮಾರೆವ್ವ ಎಂಬ ಮುದುಕಿಯೊಬ್ಬಳಿದ್ದಳು. ಅಕ್ಷರ ಗೊತ್ತಿಲ್ಲ, ಶೇಖರಮ್ಮ ಹೇಳಿಕೊಟ್ಟರೆ ಕೇಳಿ ಕಲಿಯುವಳು. ಗಂಡನಿಲ್ಲ, ಮಕ್ಕಳಿಲ್ಲ. ಸಾಕ್ಷಿಗೆ ಯಾರು? ಪಕ್ಕದ ಮನೆಯ ಫಾತಿಮಾಬೀಯೇ ಬಂದು ಹೊಸ್ತಿಲ ಆಚೆ ನಿಂತು ಹೇಳಬೇಕೆಂದು ಗೊತ್ತಾಯಿತು. ಇಬ್ಬರಿಗೂ ಕೋಳಿಯ ವಿಷಯದಲ್ಲಿ ಬಹುಕಾಲದ ವ್ಯಾಜ್ಯ.

"ಈ ಹಫ್ತಾ ಮಾರೆವ್ವ ನನ್ನ ಕೋಳಿಗೆ ಕಲ್ಲು ಒಗದಿಲ್ರಿ ಪಾದ್ರಿಸಾಬ," ಎಂದಳು ಫಾತಿಮಾಬೀ. "ಕಲ್ಲು ಕೈಯಾಗ ತಗೊಂಡಿದ್ಳು. ನಾ ಖುದ್ದು ನೋಡೀನಿ. ಆಮ್ಯಾಲೆ ಅದರ ಮುಖಾ ನೋಡಿ, ಹೋಗು ಹಾಳಾಗಿ ಅಂತ ಕಲ್ಲು ಕೆಳಗ ಇಟ್ಟಳು."

ಹಾಳಾಗಿ ಹೋಗೆಂದದ್ದರ ಬಗ್ಗೆ ಚಾಪೆಯ ಮೇಲೆ ಸ್ವಲ್ಪ ಚರ್ಚೆಯಾಯಿತಾದರೂ ಕಲ್ಲು ಕೆಳಗಿಟ್ಟದ್ದು ದೊಡ್ಡದೆಂದು ತೀರ್ಮಾನವಾಗಿ, ಮಾರೆವ್ವಳೂ ಮುಂದೆ ಹೋದಳು.

ವಾರಗಳು ಉರುಳಿದವು. ಶೇಖರಮ್ಮ ನಾಲ್ಕು ವಚನ ದಾಟಿದಳು, ಮಾರೆವ್ವ ಮೂರು; ಗ್ಯಾನಪ್ಪನವರು ಇನ್ನೂ ಮೊದಲನೆಯದರಲ್ಲೇ. ಸತ್ಯವೇದದ ಅರ್ಧವನ್ನು ಬಾಯಲ್ಲಿಟ್ಟುಕೊಂಡ ಮನುಷ್ಯ, ಸಾಲೆಯಲ್ಲಿ ಮೇಲಿನ ತರಗತಿಗೆ ಹತ್ತದ ದಡ್ಡನಂತೆ ಒಂದೇ ವಚನದ ಮುಂದೆ ಕುಳಿತಿದ್ದರು. ಕುರ್ಚಿ ದೂರ ದೂರ ಸರಿಯುತ್ತಿತ್ತು. ಕೊನೆಗೆ ತಮ್ಮ ಹಳೆಯ ವಿದ್ಯೆಗೇ ಕೈಹಾಕಿದರು. ಐದನೆಯ ವಾರ, ಬುಧವಾರ ಮಧ್ಯಾಹ್ನ, ಒಂದು ಹಾಳೆ ಹಿಡಿದುಕೊಂಡು ಒಲೆಯ ಹತ್ತಿರ ಬಂದು ಕುಳಿತರು.

"ಇದನ್ನೊಮ್ಮೆ ಓದಿಕೋ. ನಾಳೆ ಎದ್ದು ನಿಂತು ಹಿಂಗಂದುಬಿಡು. ನಡುವ ಸುಮ್ಮನ ಕೆಮ್ಮಬ್ಯಾಡ, ಅನುಮಾನ ಬರ್ತೈತಿ."

ಶೇಖರಮ್ಮ ರೊಟ್ಟಿ ತಟ್ಟುತ್ತಲೇ ಓದಿದಳು. "ಸದರಿ ಗ್ಯಾನಪ್ಪನವರು ಕುರಿಮರಿಯಂತೆ... ಯಾರ್ರಿ ಇವರು ಗ್ಯಾನಪ್ಪನವರು? ನನಗ ಗೊತ್ತಿಲ್ಲಲ್ಲ."

"ಚಾಷ್ಟಿ ಸಾಕು. ನಾ ನಿನ್ನ ಬಗ್ಗೆ ನಾಲ್ಕು ವಾರ ಎಷ್ಟು ಛಲೋ ಹೇಳೀನಿ!"

"ನೀವು ಹೇಳಿದ್ದು ಖರೇ ಇತ್ತು, ಹೇಳಿದ್ರಿ. ಸುಳ್ಳು ಸಾಕ್ಷಿ ಹೇಳಬಾರದು ಅಂತ ಈ ವಾರದ ನನ್ನ ವಚನ ಐತಿ. ಅದನ್ನ ಮುರದ್ರ ನಾಳೆ ನೀವು ನನ್ನ ಬಗ್ಗೆ ಏನಂತ ಸಾಕ್ಷಿ ಹೇಳ್ತೀರಿ?"

ಇಪ್ಪತ್ತು ವರ್ಷದಲ್ಲಿ ಯಾವ ವಕೀಲನೂ ಗ್ಯಾನಪ್ಪನವರ ಸಾಕ್ಷಿಯನ್ನು ಇಷ್ಟು ಬೇಗ ಒಡೆದಿರಲಿಲ್ಲ. ಆ ಹಾಳೆಯಿಂದಲೇ ಶೇಖರಮ್ಮ ಬಿಸಿ ಹಂಚನ್ನು ಹಿಡಿದು ಇಳಿಸಿದಳು. ಅವರು ಒದರಿದರು. ಗುರುವಾರ ಅದೂ ದಾಖಲಾಯಿತು.

ಮುಂದಿನ ಉಪಾಯ ಮೌನ. ಮಾತೇ ಆಡದಿದ್ದರೆ ಸಿಟ್ಟಿನ ಮಾತು ಎಲ್ಲಿಂದ ಬರಬೇಕು? ಎಂಟನೆಯ ವಾರವಿಡೀ ಗ್ಯಾನಪ್ಪನವರು ತುಟಿ ಬಿಚ್ಚಲಿಲ್ಲ. ಹೇಳಬೇಕಾದದ್ದನ್ನು ಹಾಳೆಯ ಮೇಲೆ ಬರೆದು ಅಡಿಗೆಮನೆಯ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಕೈ ರೂಢಿ ಬಿಡಬೇಕಲ್ಲ. ಪ್ರತಿಯೊಂದೂ ಅರ್ಜಿಯ ಧಾಟಿಯಲ್ಲೇ ಇರುತ್ತಿತ್ತು.

ಗುರುವಾರ ಶೇಖರಮ್ಮ ಎದ್ದಳು. "ಒಂದು ಬಿರುಸು ಮಾತೂ ಆಡಿಲ್ರಿ ಅಯ್ಯನವರ." ಗ್ಯಾನಪ್ಪನವರ ಮುಖ ಅರಳಿತು. "ಆದ್ರ ಹದಿನೇಳು ಅರ್ಜಿ ಕೊಟ್ಟಾರ. ಬದನಿಕಾಯಿ ಪಲ್ಯಾದಾಗ ಉಪ್ಪು ಕಡಿಮಿ ಅನ್ನೂದರ ಮ್ಯಾಲೆ ಎರಡು ಹಾಳಿ. ತಹಶೀಲದಾರರಿಗೂ ಇಷ್ಟು ಕಡಕ್ ಬರದಿರಲಿಕ್ಕಿಲ್ಲ. ಮನಿ ಮಸಣದಂಗ ಆಗಿತ್ರಿ. ಇದಕ್ಕಿಂತ ಒದರಿದ್ರ ಛಲೋ ಇತ್ತು."

ಮಾರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗ್ಯಾನಪ್ಪನವರಿಗೆ ಅದೇ ವಚನ. ಹಾಗಿದ್ದರೂ ತಮ್ಮ ಸರದಿ ಬಂದಾಗ ಅವರು ಎದ್ದು ನಿಂತು, ಹೆಂಡತಿಯು ಜ್ವರ ಬಂದ ನೆರೆಯವಳಿಗೆ ಮೂರು ದಿನ ಗಂಜಿ ಕಾಸಿಕೊಟ್ಟದ್ದನ್ನು ಕೇಳಿದವರ ಕಣ್ಣು ಒದ್ದೆಯಾಗುವಂತೆ ವರ್ಣಿಸಿದರು. ಪಾದ್ರಿಗಳು ಬರೆದುಕೊಂಡರು.

ಅಂತೂ ಹನ್ನೆರಡನೆಯ ವಾರ ಬಂದಿತು. ಅಷ್ಟೊತ್ತಿಗೆ ಗ್ಯಾನಪ್ಪನವರಲ್ಲಿ ಉಪಾಯಗಳೆಲ್ಲ ಮುಗಿದಿದ್ದವು. ಉಪಾಯ ಮುಗಿದ ಮೇಲೆ ಮನುಷ್ಯ ಕೆಲವು ಸಲ ನಿಜವಾಗಿ ಪ್ರಯತ್ನ ಮಾಡುತ್ತಾನೆ. ಸೋಮವಾರ ರೊಟ್ಟಿ ಸೀದಿತ್ತು. ಸೀದ ಕಡೆಯನ್ನು ಮುರಿದು ಪಕ್ಕಕ್ಕಿಟ್ಟು ಉಂಡರು. ಮಂಗಳವಾರ ಮಸಿ ಚೆಲ್ಲಿತ್ತು; ತಾವೇ ಒರೆಸಿದರು. ಬುಧವಾರ ಬಂದದ್ದು ನಿಜವಾದ ಪರೀಕ್ಷೆ. ಹೊಸ ತಹಶೀಲದಾರರ ಮುಂದೆ ನಿಲ್ಲಬೇಕಾದ ದಿನವದು. ಒಗೆದಿಟ್ಟ ಬಿಳಿಯ ಧೋತರಕ್ಕಾಗಿ ಹುಡುಕುತ್ತ ಮಾಳಿಗೆ ಹತ್ತಿದರೆ, ಧೋತರ ಉದ್ದಕ್ಕೂ ಹಾಸಿಕೊಂಡು ಬಿಸಿಲು ಕಾಯುತ್ತಿತ್ತು. ಅದರ ಮೇಲೆ ಸಾಲುಸಾಲಾಗಿ ಹಸಿ ಸಂಡಿಗೆ.

ಗ್ಯಾನಪ್ಪನವರ ಬಾಯಿ ತೆರೆಯಿತು. ಶೇಖರಮ್ಮ ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಕೆಳಗೆ ಓಣಿಯಲ್ಲಿ ಫಾತಿಮಾಬೀ ಕೂಡ ನಿಂತು ಮೇಲೆ ನೋಡಿದಳು. ಬಾಯಿ ತೆರೆದೇ ಇತ್ತು. ಆಮೇಲೆ ನಿಧಾನವಾಗಿ ಮುಚ್ಚಿತು.

"ಹಳೇ ಧೋತರ ಎಲ್ಲೈತಿ?" ಎಂದರು.

"ಗೂಟಕ್ಕೈತ್ರಿ," ಎಂದಳು ಶೇಖರಮ್ಮ, ಒಂದು ಕಣ್ಣು ತೆರೆದು.

ಅವರು ಮಾಸಿದ ಧೋತರ ಉಟ್ಟು ಕಚೇರಿಗೆ ಹೋದರು. ಆ ದಿನ ದಾರಿಯುದ್ದಕ್ಕೂ ಅವರು ನೆಲದ ಮೇಲೆ ನಡೆಯಲಿಲ್ಲ. ಗೆದ್ದಾಗಿತ್ತು! ಹೆಂಗಸರನ್ನಂತೂ ಯಾರೂ ಓದಿಸಲು ಕೂಡಿಸುವುದಿಲ್ಲ; ಕುರ್ಚಿ ತಮ್ಮದಾಗಿತ್ತು!

ಗುರುವಾರ ಪಡಸಾಲೆ ತುಂಬಿತ್ತು. ಈ ಸಲ ಗ್ಯಾನಪ್ಪನವರು ಮೊದಲೇ ಎದ್ದು ಹೆಂಡತಿಯ ಹನ್ನೆರಡನೆಯ ಸಾಕ್ಷಿ ಹೇಳಿ ಮುಗಿಸಿದರು. ಶೇಖರಮ್ಮ ಎದ್ದು ಸಂತೋಷದಿಂದಲೇ ಹೇಳಿದಳು: "ಈ ವಾರ ಖರೇನ ಬದಲಾಗ್ಯಾರ್ರಿ. ಸಿಟ್ಟು ಬಂದ್ರೂ ನುಂಗ್ಯಾರ. ನಾನೇ ನೋಡೀನಿ, ಎರಡು ಸಲ."

"ಮೂರು ಸಲ," ಎಂದರು ಗ್ಯಾನಪ್ಪನವರು.

"ರೊಟ್ಟಿ ಒಂದು, ಸಂಡಿಗಿ ಒಂದು. ಎರಡು."

"ಮಸಿ? ಮಂಗಳವಾರದ ಮಸಿ ಎಲ್ಲಿ ಹೋತು?"

"ಅದನ್ನ ನಾ ನೋಡಿಲ್ರಿ. ನೋಡದ್ದನ್ನ ಹೆಂಗ ಹೇಳಲಿ?"

"ಮೂರು ಸಲ!" ಗ್ಯಾನಪ್ಪನವರು ಎದ್ದು ನಿಂತಿದ್ದರು. ಕಲಮದಾನಿಯ ಮೇಲೆ ಬಡಿದ ಅವರ ಅಂಗೈಯ ಸಪ್ಪಳಕ್ಕೆ ಹೊರಗಿನ ಕೋಳಿಗಳೆಲ್ಲ ಹಾರಿದವು. "ಮೂರು ಸಲ ನುಂಗೀನಿ! ನನ್ನ ಸಹನೆಯ ಲೆಕ್ಕಾ ಕಡಿಮಿ ಮಾಡಾಕ ನೀ ಯಾರು? ತಾಳಿಕೊಂಡು ತಾಳಿಕೊಂಡು ನನಗ ಸಾಕಾಗಿ ಹೋಗೈತಿ!"

ಎಲ್ಲರೂ ಅವರತ್ತ ತಿರುಗಿದರು. ಅವರ ಕೈ ಇನ್ನೂ ಕಲಮದಾನಿಯ ಮೇಲೇ ಇತ್ತು.

"ದೋಣಿ ದಂಡಿಗೆ ಬಂದು ಮುಳುಗಿತಲ್ಲೋ ತಮ್ಮಾ," ಎಂದಳು ಮಾರೆವ್ವ ಮರುಕದಿಂದ.

ಪಾದ್ರಿಗಳು ನಗಲಿಲ್ಲ. ಪುಸ್ತಕ ತೆರೆದರು. "ಇನ್ನ ಓದಿಸುವವರ ವಿಷಯ. ಮಾರೆವ್ವ ಎಂಟು ವಚನ ದಾಟ್ಯಾಳ. ಹನ್ನೆರಡೂ ದಾಟಿದವರು ಒಬ್ಬರೇ ಅದಾರ, ಶೇಖರಮ್ಮ. ಹೆಣ್ಣುಮಕ್ಕಳು ಓದಿಸೂದು ಹೆಂಗ ಅಂತ ನಿಮ್ಮೊಳಗ ಕೆಲವರಿಗೆ ಅನ್ನಿಸಬಹುದು. ಅಂಥವರು ಈ ಹನ್ನೆರಡು ಸಾಕ್ಷಿ ಕೇಳ್ರಿ." ಒಂದೊಂದಾಗಿ ಓದಿದರು. ಭೂಮಿಯಂಥ ಸಹನೆ. ಸತ್ಯ ಬಿಡದ ನಾಲಿಗೆ. ಜ್ವರದವಳಿಗೆ ಕಾಸಿದ ಗಂಜಿ. ಎಂಥ ಮಾತುಗಳು! ಊರಲ್ಲಿ ಹಾಗೆ ಹೇಳಬಲ್ಲವರು ಒಬ್ಬರೇ ಇದ್ದರು. "ಈ ಎಲ್ಲಾ ಸಾಕ್ಷಿ ನಿಮ್ಮವು, ಗ್ಯಾನಪ್ಪನವರ. ಇವುಗಳಾಗ ಯಾವುದಾದ್ರೂ ಸುಳ್ಳು ಐತೇನ್ರಿ?"

ಗ್ಯಾನಪ್ಪನವರಿಗೆ ಆಗ ಅರ್ಥವಾಯಿತು. ಹನ್ನೆರಡು ವಾರ ಕುಳಿತು ಅವರು ತಮ್ಮ ಎದುರು ಪಕ್ಷದ ಅರ್ಜಿಯನ್ನು ತಮ್ಮದೇ ಕೈಯಿಂದ ಬರೆದುಕೊಟ್ಟಿದ್ದರು. ಸುಳ್ಳೆಂದು ಒಂದು ಮಾತು ಹೇಳಿದರೆ ಸಾಕು, ಕುರ್ಚಿಯ ವಿಷಯ ಮತ್ತೆ ತೆರೆಯುತ್ತದೆ. ಬಾಯಿ ತೆರೆದರು. ಆದರೆ ಆ ಮಾತುಗಳನ್ನು ಅಷ್ಟೂ ದಿನ ಹೇಳಿದವರು ತಾವಾಗಿದ್ದರೂ, ಕೇಳಿದ್ದು ಈಗಲೇ. ನಡುಮಧ್ಯಾಹ್ನ ಗಂಜಿಯ ಪಾತ್ರೆ ಹಿಡಿದು ಹೊರಟ ಹೆಂಡತಿ ಕಣ್ಣ ಮುಂದೆ ಬಂದಳು. ಆ ದಿನ ತಾವು ಊಟಕ್ಕೆ ತಡವಾಯಿತೆಂದು ಮುಖ ಊದಿಸಿಕೊಂಡದ್ದೂ ನೆನಪಾಯಿತು. ಅಂಗೈ ಉರಿಯುತ್ತಿತ್ತು. ತೆರೆದ ಬಾಯಿ ಮುಚ್ಚಿ, ಶಾಲಿನ ಅಂಚನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಒಂದೂ ಸುಳ್ಳಲ್ರಿ," ಎಂದರು ಕೊನೆಗೆ, ಮೆಲ್ಲಗೆ. ಹೇಳಿ ಚಾಪೆಯ ಮೇಲೆ ಕುಳಿತರು.

ಆಗ ಶೇಖರಮ್ಮ ಎದ್ದಳು. "ಅಯ್ಯನವರ, ಮತ್ತೊಂದು ಸಾಕ್ಷಿ ಬರಕೊಳ್ರಿ. ಇಷ್ಟು ನಿಧಾನ ಮಾತಾಡಿದ್ದನ್ನ ನಾ ಲಗ್ನಾದಾಗಿನಿಂದ ಕೇಳಿಲ್ಲ. ಇವರದು ಮೊದಲನೇ ವಚನ ಮುಗೀತು."

ಪಾದ್ರಿಗಳು ಬರೆದುಕೊಂಡರು. ಗ್ಯಾನಪ್ಪನವರಿಗೆ ಕಣ್ಣು ಮಂಜಾಯಿತು, ಆದರೂ ಅಭ್ಯಾಸ ಎಲ್ಲಿಗೆ ಹೋಗಬೇಕು, ಕೂಡಲೇ ಶಾಲು ಸರಿಪಡಿಸಿಕೊಂಡು, "ಹಂಗಾದ್ರ ಎರಡನೇ ವಚನ ಕೊಡ್ರಿ. ಒಂದೇ ವಾರದಾಗ ಮುಗಿಸ್ತೀನಿ," ಎಂದರು.

"ಇನ್ನ ಮ್ಯಾಲೆ ಅವರನ್ನ ಕೇಳ್ರಿ," ಎಂದು ಪಾದ್ರಿಗಳು ಕುರ್ಚಿಯಿಂದ ಎದ್ದರು.

ಶೇಖರಮ್ಮ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕುಳಿತಳು. ಪುಸ್ತಕ ತೆರೆಯುವ ಅವಶ್ಯಕತೆ ಅವಳಿಗಿರಲಿಲ್ಲ. "ಒಬ್ಬರ ಭಾರ ಒಬ್ಬರು ಹೊರಬೇಕು ಅಂತ ಐತ್ರಿ. ನಾಳಿಂದ ಬಾವಿಯಿಂದ ದಿನಾ ನಾಲ್ಕು ಕೊಡ."

ಮರುದಿನ ಬೆಳಿಗ್ಗೆ ಕುಷ್ಟಗಿಯ ಹೆಂಗಸರು ಬಾವಿಕಟ್ಟೆಯ ಮೇಲೆ ಒಂದು ಅಪೂರ್ವ ದೃಶ್ಯ ನೋಡಿದರು. ಶಾಲು ಸೊಂಟಕ್ಕೆ ಸುತ್ತಿಕೊಂಡ ಅರ್ಜಿ ಗ್ಯಾನಪ್ಪನವರು ತಾಮ್ರದ ಕೊಡವನ್ನು ಹೆಗಲಿಗೇರಿಸಿ, ಯಾರ ಕಡೆಗೂ ನೋಡದೆ ಗಂಭೀರವಾಗಿ ಹೊರಟಿದ್ದರು. ಮಾರೆವ್ವ ಹಗ್ಗ ಬಿಟ್ಟು ನೋಡಿದಳು. ಫಾತಿಮಾಬೀಯಂತೂ ಹತ್ತಿರವೇ ಬಂದು, ತುದಿಗಾಲಲ್ಲಿ ನಿಂತು, ಕೊಡದೊಳಗೆ ಇಣುಕಿದಳು.

"ಗ್ಯಾನಪ್ಪನವರ, ಅರ್ಧಾ ಕೊಡಾನೇ ತುಂಬೈತಲ್ರಿ! ಗುರುವಾರ ನನ್ನ ಸಾಕ್ಷಿ ಕೇಳಿದ್ರ ನಾ ಸುಳ್ಳು ಹೇಳಾಕಿ ಅಲ್ಲ, ನೋಡ್ರಿ!"

ಗ್ಯಾನಪ್ಪನವರು ನಿಂತರು. ಬಾಯಿ ತೆರೆದರು, ಮುಚ್ಚಿದರು, ಬಾವಿಯ ಕಡೆಗೆ ತಿರುಗಿದರು.