ಹೊರಡಲೊಲ್ಲದ ಅಯಾನು, ನಾವು ಮೂವರು

ನಮ್ಮ ಲ್ಯಾಬಿನಲ್ಲಿ ಪ್ರಯೋಗ ಕೆಟ್ಟರೆ ಅದಕ್ಕೆ ವಿಜ್ಞಾನ ಯಾವತ್ತೂ ಕಾರಣ ಅಲ್ಲ ಕಣ್ರೀ, ನಾವೇ ಕಾರಣ. ಹೆಬ್ಬಾಳದ ಹತ್ತಿರದ ಈ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಪಂಪು, ಪೈಪು, ಬೋಲ್ಟು ನನ್ನ ಪಾಲು. ಯೋಚನೆ ಪ್ರೊಫೆಸರ್ ಪಾಲು. ಹೋದ ವರ್ಷ ಆರ್.ಟಿ. ನಗರದ ಹುಡುಗಿಯೊಬ್ಬಳ ಪಿಎಚ್‌ಡಿ ನಮ್ಮಿಬ್ಬರ ಕೈಯಲ್ಲಿತ್ತು. ಒಂದೇ ಒಂದು ಅಳತೆ ಬಾಕಿ. ದೀಪಾವಳಿಯೊಳಗೆ ಅದು ಸಿಗದಿದ್ದರೆ ಅಳತೆ ತೆಗೆಯೋ ಮಿಷನ್ ಬೇರೆ ತಂಡದ ಪಾಲಾಗುತ್ತೆ, ಅವಳ ಐದು ವರ್ಷದ ದುಡಿಮೆ ಮಣ್ಣುಪಾಲು.

೧. ಬರ್ತೀನಿ ಅಂದವರು

"ಅದೇನ್ರೀ ಅದು, ಮೆಟಾಸ್ಟೇಬಲ್ಲು?" ಅಂತ, ದಿನಾ ನನ್ನ ಬಾಯಲ್ಲಿ ಆ ಪದ ಕೇಳಿ ಸಾಕಾದ ನನ್ನ ಹೆಂಡತಿ ಕೇಳಿದಳು. ಹುಡುಗಿ ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. "ಅಯಾನು ಅಂದ್ರೆ ವಿದ್ಯುತ್ ಇರೋ ಪರಮಾಣು. ಕೆಲವು ಜಾಸ್ತಿ ಶಕ್ತಿ ತುಂಬ್ಕೊಂಡು ಮೇಲೆ ಕೂತಿರ್ತವೆ. ತಕ್ಷಣ ಕೆಳಗಿಳೀಬೇಕು, ಆದ್ರೆ ಇಳಿಯಲ್ಲ. ಅವೇ ಮೆಟಾಸ್ಟೇಬಲ್ಲು. ಅಂಥವನ್ನ ಸಾಲಾಗಿ ಓಡಿಸಿ ಬೇರೊಂದು ಅನಿಲದ ಪರಮಾಣುಗೆ ಡಿಕ್ಕಿ ಹೊಡೆಸ್ತೀವಿ. ಏನಾಗುತ್ತೆ ಅಂತ ನೋಡ್ತೀವಿ."

ಅವಳು ಸ್ವಲ್ಪ ಯೋಚಿಸಿದಳು. "ನಿಮ್ಮಕ್ಕ ವಿದ್ಯಾರಣ್ಯಪುರದಿಂದ ಬಂದಾಗ 'ಬರ್ತೀನಿ' ಅಂತ ಎದ್ದು, ಗೇಟಿನ ಹತ್ರ ಮುಕ್ಕಾಲು ಗಂಟೆ ನಿಂತ್ಕೊಳ್ತಾರಲ್ಲ, ಹಂಗಾ?"

ಇಷ್ಟು ಚೆನ್ನಾಗಿ ಪ್ರೊಫೆಸರೂ ಹೇಳಿರಲಿಲ್ಲ. "ಹೂಂ, ಹಂಗೇ" ಅಂದೆ.

"ಹಾಗಾದ್ರೆ ಆ ಡಿಕ್ಕಿ ಹೊಡೆಸೋ ಮಿಷನ್ನನ್ನ ಒಂದಿನ ಮನೆಗೆ ತನ್ನಿ."

೨. ವಡೆಯ ಹೊತ್ತು

ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮಿಷನ್ ತೋರಿಸೋ ಡಿಕ್ಕಿಗಳ ಎಣಿಕೆ ದಿಢೀರಂತ ಏರುತ್ತಿತ್ತು. "ಅಂಕಲ್, ಹೊಸದೇನೋ ಸಿಕ್ಕಿದೆ!" ಅಂತ ಹುಡುಗಿ ಕುಣಿದಾಡಿದಳು. ಪ್ರೊಫೆಸರ್ ಆಗಲೇ ಪ್ರಬಂಧದ ಹೆಸರು ಯೋಚಿಸುತ್ತಿದ್ದರು. ಗುರುವಾರ ಮಾತ್ರ ಅದು ಬರುತ್ತಿರಲಿಲ್ಲ. ಗುರುವಾರ ಕ್ಯಾಂಟೀನಿನಲ್ಲಿ ಬಜ್ಜಿ, ಉಳಿದ ದಿನ ಉದ್ದಿನ ವಡೆ. ಹೋಗಿ ನೋಡಿದರೆ ವಡೆ ಹಿಟ್ಟು ರುಬ್ಬೋ ಗ್ರೈಂಡರಿಗೂ ನಮ್ಮ ಮಿಷನ್ನಿಗೂ ಒಂದೇ ಕರೆಂಟ್ ಲೈನು; ಅದು ತಿರುಗಿದರೆ ಇದರ ಎಣಿಕೆ ಏರುತ್ತೆ!

"ವಡೆ ಮುಖ್ಯವೋ, ಸಂಶೋಧನೆ ಮುಖ್ಯವೋ?" ಅಂತ ಪ್ರೊಫೆಸರ್ ಗುಡುಗಿದರು.

ಕ್ಯಾಂಟೀನ್ ಭಟ್ಟರು ಜಗ್ಗಲಿಲ್ಲ. "ನೀವೇ ಹೇಳಿ ಸರ್, ದಿನಾ ನಾಲ್ಕು ತಿನ್ನೋರು ನೀವು."

ಮಾರನೇ ದಿನದಿಂದ ನಮ್ಮ ಅಳತೆ ಶುರುವಾಗಿದ್ದು ಸಂಜೆ ಐದಕ್ಕೆ, ವಡೆ ತಿಂದಾದ ಮೇಲೆ.

೩. ಒಳಗಿದ್ದದ್ದು

ಆಯುಧಪೂಜೆ ಬಂತು. "ಹೂವು, ಕುಂಕುಮ, ಕುಂಬಳಕಾಯಿ ಏನಿದ್ರೂ ಬಾಗಿಲಾಚೆ. ಮಿಷನ್ ಹತ್ರ ಯಾರೂ ಸುಳೀಬಾರ್ದು" ಅಂತ ಪ್ರೊಫೆಸರ್ ಕಟ್ಟಪ್ಪಣೆ ಮಾಡಿದರು. ಬಾಗಿಲಿಗೇ ಪೂಜೆ ಮಾಡಿ, ಕಡ್ಲೆಪುರಿ ತಿಂದು ಮನೆಗೆ ಹೋದೆವು.

ಹಬ್ಬ ಮುಗಿಸಿ ಬಂದು ಪಂಪು ಹಾಕಿದರೆ, ಅಯಾನುಗಳು ಓಡೋ ಚೇಂಬರಿನೊಳಗಿನ ಗಾಳಿ ಪೂರ್ತಿ ಖಾಲಿಯಾಗ್ತಾನೇ ಇಲ್ಲ. ಅಲ್ಲಿ ಒಂದು ಚೂರು ತೇವ ಇದ್ದರೂ ಅದು ಆವಿಯಾಗ್ತಾನೇ ಇರುತ್ತೆ. ನಮ್ಮ ಅಯಾನುಗಳು ಅದಕ್ಕೇ ಡಿಕ್ಕಿ ಹೊಡೆದು ದಾರೀಲೇ ಮುಗೀತವೆ. ನಾಲ್ಕು ದಿನ ಸೋರಿಕೆ ಹುಡುಕಿದೆವು. ಐದನೇ ದಿನ ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಸರ್, ತಪ್ಪಾಯ್ತು" ಅಂದೆ. "ಹಬ್ಬದ ಹಿಂದಿನ ದಿನ ಚೇಂಬರ್ ತೆರೆದಿತ್ತಲ್ಲ, ಈ ಮಗು ಕೆಲಸ ಆಗ್ಲಿ ಅಂತ ಒಳಗಡೆ ಮೂಲೇಲಿ ಒಂದು ಬೊಟ್ಟು ಒದ್ದೆ ಕುಂಕುಮ ಇಟ್ಟೆ."

ಬೈಗುಳಕ್ಕೆ ಕಾಯುತ್ತಿದ್ದೆ. ಪ್ರೊಫೆಸರ್ ತಾವೇ ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚಿದರು. ನನ್ನ ಕುಂಕುಮ ಇತ್ತು. ಅದರ ಪಕ್ಕ ಮುದುಡಿಕೊಂಡ ಒಂದು ತುಳಸಿ ಕುಡಿ.

"ಇದು ನಂದಲ್ಲ ಸರ್!"

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. "ಅದು... ನಮ್ಮನೆಯವರು ಕೊಟ್ರು ಕಣ್ರೀ. ಬೇಡ ಅನ್ನೋಕಾಗಲಿಲ್ಲ."

ಹುಡುಗಿ ಅಳು ನಿಲ್ಲಿಸಿದಳು. ಮೆಲ್ಲಗೆ ಕೈ ಹಾಕಿ, ಆ ಕಡೆಯ ಸಂದಿಯಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. "ಕೆಲಸ ಆಗ್ಲಿ ಅಂತ ನಮ್ಮ ಅಮ್ಮಿ ದುಆ ಬರೆಸಿ ಕೊಟ್ಟಿದ್ರು, ಸರ್."

ಮೂವರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ಎಲ್ಲ ತೆಗೆದು, ಒರೆಸಿ, ತೇವ ಆರೋ ಹಾಗೆ ಚೇಂಬರನ್ನು ಕಾಯಿಸಿ ಮತ್ತೆ ಪಂಪು ಹಾಕಿದೆವು. ದೀಪಾವಳಿಗೆ ಎರಡು ದಿನ ಇರುವಾಗ ಅಳತೆ ಸಿಕ್ಕಿತು. ಪರದೆ ಮೇಲೆ ಗೆರೆ ಏಳಬೇಕಾದ ಕಡೆಯೇ ಎದ್ದಾಗ ಖುಷಿಗೆ ನನ್ನ ಕಣ್ಣೂ ಒದ್ದೆಯಾಯಿತು.

ಮೊನ್ನೆ ಅವಳ ಮೌಖಿಕ ಪರೀಕ್ಷೆ. ಪರೀಕ್ಷಕರು ಕನ್ನಡದವರೇ. "ಒಂದು ಅನುಮಾನಮ್ಮ. ಅಯಾನು ಡಿಕ್ಕಿ ಹೊಡೆದದ್ದು ನೀವು ಬಿಟ್ಟ ಅನಿಲಕ್ಕೇ, ಚೇಂಬರಿನಲ್ಲಿ ಬೇರೇನೂ ಇರ್ಲಿಲ್ಲ ಅಂತ ಹೇಗೆ ಖಾತ್ರಿ ಮಾಡ್ಕೊಂಡ್ರಿ?"

ಪ್ರೊಫೆಸರ್ ಕಿಟಕಿ ಕಡೆ ತಿರುಗಿದರು. ಹಿಂದಿನ ಬೆಂಚಿನಲ್ಲಿ ನಾನು ತಲೆ ತಗ್ಗಿಸಿದೆ. ಹುಡುಗಿ ಮಾತ್ರ ಒಂಚೂರೂ ನಗದೆ ಹೇಳಿದಳು:

"ಲ್ಯಾಬಿನಲ್ಲಿ ಎಲ್ರೂ ತಪ್ಪು ಒಪ್ಕೊಂಡಾಗಿದೆ, ಸರ್."